ಓವನ್ನಿಗೆ ಹೋಗದ ಟ್ರೇ

"ಒಂದು ತಿಂಡಿ ಮಾಡೋದಕ್ಕೆ ಇಷ್ಟು ಗಲಾಟೆ ಯಾಕೆ? ಎಲ್ಲಾ ಅಳತೆ ಕಣೇ, ಅಳತೆ! ಅಳತೆ ಗೊತ್ತಿರೋನಿಗೆ ಅಡುಗೆ ಯಾವ ಮಹಾ ವಿದ್ಯೆ?"

ಶನಿವಾರ ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಕೂತು ಮೇಸ್ತ್ರಿ ಹೀಗೆ ಘೋಷಿಸಿಬಿಟ್ಟ. ಮೇಸ್ತ್ರಿ ಎಂದರೆ ಮರಗೆಲಸದ ಮೇಸ್ತ್ರಿ. ಊರಿನ ಎಷ್ಟೋ ಅಡುಗೆಮನೆಗಳ ಕಪಾಟು ಅವನ ಕೈಯಲ್ಲೇ ಆದದ್ದು. ಸೊಂಟದಲ್ಲಿ ಸದಾ ಅಳತೆ ಟೇಪು. ಮದುವೆಯ ದಿನವೂ ಅದು ಅಲ್ಲೇ ಇತ್ತು ಎಂದು ಅವನ ಹೆಂಡತಿ ಆಣೆ ಮಾಡಿ ಹೇಳುತ್ತಾಳೆ.

ಭಾನುವಾರ ಬೆಳಿಗ್ಗೆ ಕಟ್ಟಡದ ಜನವೆಲ್ಲ ಸೇರಿ ಮೆಟ್ಟಿಲ ಗೋಡೆಗೆ ತಾವೇ ಬಣ್ಣ ಬಳಿಯುವುದು ಎಂದು ಸಭೆಯಲ್ಲಿ ತೀರ್ಮಾನವಾಗಿತ್ತು. ಬಳಿದವರಿಗೆಲ್ಲ ತಿಂಡಿ ಯಾರ ಮನೆಯದು ಎಂಬ ಪ್ರಶ್ನೆ ಬಂದಾಗ ಪ್ರತಿಯೊಬ್ಬರೂ ತಂತಮ್ಮ ಚಪ್ಪಲಿಯನ್ನು ಬಹಳ ಆಸಕ್ತಿಯಿಂದ ನೋಡಿಕೊಳ್ಳತೊಡಗಿದರು. ಆಗ ಎದ್ದಿತು ಮೇಸ್ತ್ರಿಯ ಕೈ!

"ಕೈ ಎತ್ತೋದು ನೀವು, ಒಲೆ ಮುಂದೆ ಬೇಯೋದು ನಾನು," ಎಂದಳು ಹೆಂಡತಿ.

"ನೀನು ಅಡುಗೆಮನೆಗೆ ಕಾಲಿಡಕೂಡದು! ಬ್ರಷ್ ಹಿಡ್ಕೊಂಡು ಎಲ್ಲರ ಜೊತೆ ನಿಂತ್ಕೋ. ಬ್ರೆಡ್ಡು, ಮೊಟ್ಟೆ, ಹಾಲು, ಚೀಸು ಎಲ್ಲಾ ಒಂದು ದೊಡ್ಡ ಟ್ರೇಗೆ ಹಾಕಿ ಇವತ್ತೇ ನೆನೆಸಿಡೋದು. ಬೆಳಿಗ್ಗೆ ಓವನ್ನಿಗೆ ತಳ್ಳೋದು. ಉಬ್ಬಿ ಬಂದ ಮೇಲೆ ಕೊಯ್ದು ಹಂಚೋದು. ಡ್ರಾಯರ್ ಮಾಡೋದಕ್ಕಿಂತ ಸುಲಭ."

ಹೆಂಡತಿ ಸಾರಿನ ಪಾತ್ರೆಯನ್ನೇ ನೋಡುತ್ತ, "ಅವಳೂ ಬರ್ತಾಳಾ?" ಎಂದು ಕೇಳಿದಳು.

ಅವಳು ಎಂದರೆ ಮೇಲಿನ ಮಹಡಿಯ ಅಕ್ಕ. ಇವಳ ಒಡಹುಟ್ಟಿದ ಅಕ್ಕ. ಒಂದೇ ಕಟ್ಟಡದಲ್ಲಿದ್ದುಕೊಂಡು ಅಕ್ಕತಂಗಿಯರು ಮಾತು ಬಿಟ್ಟು ವರ್ಷದ ಮೇಲಾಗಿತ್ತು. ಭಾವನಿಗೆ ಬೇರೆ ಊರಿಗೆ ವರ್ಗವಾಗಿ, ಈ ತಿಂಗಳ ಕೊನೆಗೆ ಅವರು ಮನೆ ಖಾಲಿ ಮಾಡುವವರಿದ್ದರು. ಮೇಲಿನಿಂದ ಡಬ್ಬ ಎಳೆಯುವ ಸದ್ದು ಕೇಳಿದಾಗಲೆಲ್ಲ ಹೆಂಡತಿ ಮಾಡುತ್ತಿದ್ದ ಕೆಲಸ ನಿಲ್ಲಿಸಿ ಮೇಲೆ ನೋಡುವುದನ್ನು ಮೇಸ್ತ್ರಿ ಕಂಡಿದ್ದ. ಹೀಗೇ ಹೊರಟುಹೋದರೆ ಇವಳು ಜನ್ಮವಿಡೀ ಕೊರಗುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಕೈ ಎತ್ತಿದ್ದೂ ಅದಕ್ಕೇ. ಅಕ್ಕತಂಗಿ ಇಬ್ಬರೂ ಒಂದೇ ಕಡೆ ತಟ್ಟೆ ಹಿಡಿದು ನಿಲ್ಲಲಿ, ತಿನ್ನೋದಕ್ಕಾದರೂ ಬಾಯಿ ತೆಗೆಯಲೇಬೇಕಲ್ಲ ಎನ್ನುವುದು ಅವನ ಮಹಾ ಯೋಜನೆ.

ಜಗಳದ ಕಾರಣವೋ, ದೇವರಿಗೇ ಪ್ರೀತಿ. ಯಾವುದೋ ಸಮಾರಂಭಕ್ಕೆಂದು ತಂಗಿ ಅಕ್ಕನ ಹತ್ತಿರ ಒಂದು ಪಾತ್ರೆ ಕೇಳಿದ್ದಳಂತೆ. ಅಕ್ಕ ನಾಲ್ಕು ಜನರ ಎದುರಿಗೆ, "ಈ ಸಲವಾದ್ರೂ ಚೆನ್ನಾಗಿ ತೊಳೆದು ಕೊಡೇ," ಅಂದಳಂತೆ. ಅಷ್ಟೇ!

"ತೊಳೆದು ಕೊಡು ಅಂದ್ರೆ ತಪ್ಪೇನು?" ಎಂದು ಮೇಸ್ತ್ರಿ ಆವತ್ತು ಕೇಳಿದ್ದ.

"ತೊಳೆದು ಕೊಡು ಅಂದಿದ್ದಕ್ಕಲ್ಲ. ಈ ಸಲವಾದ್ರೂ ಅಂದ್ಲಲ್ಲ! ಅಂದ್ರೆ ಹೋದ ಸಲ ನಾನು ತೊಳೆದೇ ಇರಲಿಲ್ಲ ಅಂತ ತಾನೆ?"

"ಒಂದು ಮಾತು. ಅಷ್ಟಕ್ಕೆಲ್ಲಾ ಮನಸ್ಸಿಗೆ ಹಚ್ಕೊಂಡ್ರೆ ಆಗುತ್ತಾ?"

ಈ ಬುದ್ಧಿವಾದದ ಫಲವಾಗಿ ಅವಳು ಗಂಡನ ಹತ್ತಿರವೂ ಸ್ವಲ್ಪ ದಿನ ಮಾತು ಬಿಟ್ಟಿದ್ದಳು.

ಸರಿ, ಶನಿವಾರ ಸಂಜೆ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಮೇಸ್ತ್ರಿ ಕಾರ್ಯಕ್ಕಿಳಿದ. ಅಷ್ಟು ಜನಕ್ಕೆ ಸಾಲುವ ಟ್ರೇ ಬೇಕಲ್ಲ? ಅಟ್ಟ ಹತ್ತಿ ತಡಕಾಡಿದರೆ ಹಳೆಯ ಕಂಬಳಿಯಲ್ಲಿ ಸುತ್ತಿಟ್ಟ ಟ್ರೇ ಒಂದು ಸಿಕ್ಕಿತು. ಆಹಾ, ಎಂಥ ಟ್ರೇ! ಮಗುವನ್ನು ಮಲಗಿಸಬಹುದು, ಅಷ್ಟು ಅಗಲ. ಮುಖ ಕಾಣುವ ಹಾಗೆ ಫಳಫಳ. ಇಂಥದ್ದೊಂದು ನಮ್ಮ ಮನೆಯಲ್ಲಿದೆ ಎಂದು ಇವಳು ಹೇಳಲೇ ಇಲ್ಲವಲ್ಲ ಎಂದುಕೊಂಡು ಇಳಿಸಿಕೊಂಡ.

ಮೇಸ್ತ್ರಿ ಅವಸರದ ಮನುಷ್ಯನಲ್ಲ. ಟೇಪು ತೆಗೆದು ಟ್ರೇಯನ್ನು ಉದ್ದಕ್ಕೂ ಅಡ್ಡಕ್ಕೂ ಅಳೆದ. ಫ್ರಿಜ್ಜಿನ ಒಳಗನ್ನು ಅಳೆದು ಒಂದು ಹಲಗೆ ಕಿತ್ತಿಟ್ಟ. ಬ್ರೆಡ್ಡಿನ ತುಂಡುಗಳನ್ನು ಕೂಡ ಅಳೆದು ಚೌಕವಾಗಿ ಕೊಯ್ದ; ನೆಲಕ್ಕೆ ಹಾಸುಗಲ್ಲು ಜೋಡಿಸಿದ ಹಾಗೆ ಸಂದಿಲ್ಲದೆ ಜೋಡಿಸಿದ. ಹಾಲಿಗೆ ಮೊಟ್ಟೆ ಒಡೆದು ಕಲಕಿ, ಈರುಳ್ಳಿ, ಕಾಳುಮೆಣಸು, ಉಪ್ಪು ಹಾಕಿ ಮೇಲೆ ಸುರಿದ. ಚೀಸು ತುರಿದು ಉದುರಿಸಿದ. ಬಟ್ಟೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟು, "ಈ ಬಟ್ಟೆ ಎತ್ತಿದರೆ ನೋಡು!" ಎಂದು ಹೆಂಡತಿಗೆ ತಾಕೀತು ಮಾಡಿದ.

ಓವನ್ನನ್ನು ಮಾತ್ರ ಅಳೆಯಲಿಲ್ಲ. ಯಾಕೆ ಅಳೆಯಬೇಕು? ಕಪಾಟಿನಲ್ಲಿ ಅದನ್ನು ಕೂರಿಸಿದ ಗೂಡನ್ನು ಕೊಯ್ದವನು ಅವನೇ. ಅದರ ಅಗಲ, ಆಳ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ. ಇಷ್ಟು ವರ್ಷ ಎಷ್ಟೋ ಓವನ್ನುಗಳನ್ನು ಗೂಡಿನ ಒಳಗೆ ತಳ್ಳಿದ್ದ. ಆದರೆ ಓವನ್ನಿನ ಒಳಗೆ ಇಂದಿನವರೆಗೆ ಏನನ್ನೂ ತಳ್ಳಿರಲಿಲ್ಲ! ಅದಕ್ಕೊಂದು ಗೋಡೆ ಇದೆ, ಆ ಗೋಡೆಗೊಂದು ದಪ್ಪ ಇದೆ ಎಂಬುದು ಪಾಪ, ಅವನ ತಲೆಗೆ ಹೊಳೆದಿರಲಿಲ್ಲ.

ಹೊಳೆದದ್ದು ಭಾನುವಾರ ಬೆಳಿಗ್ಗೆ. ಓವನ್ ಕಾದಿತ್ತು. ಹೊರಗೆ ಬ್ರಷ್ಷುಗಳು ಗೋಡೆಯ ಮೇಲೆ ಓಡಾಡುತ್ತಿದ್ದವು. ಮೇಸ್ತ್ರಿ ಬಟ್ಟೆ ತೆಗೆದು, ಟ್ರೇ ಎತ್ತಿ, ಮಹಾರಾಜನಿಗೆ ಕಾಣಿಕೆ ಒಪ್ಪಿಸುವ ಗತ್ತಿನಲ್ಲಿ ಓವನ್ನಿಗೆ ಒಪ್ಪಿಸಿದ. ಓವನ್ ಒಪ್ಪಲಿಲ್ಲ. ಅಡ್ಡ ತಿರುಗಿಸಿದ. ಊಹೂಂ. ಮರವಾಗಿದ್ದರೆ ಉಜ್ಜಿ ಕೂರಿಸಬಹುದಿತ್ತು. ಒಂದು ಮೂಲೆಯನ್ನು ಮೇಲೆತ್ತಿ, ಇನ್ನೊಂದು ಮೂಲೆಯನ್ನು ಒಳಗೆ ನುಗ್ಗಿಸಿ, ಹೊಟ್ಟೆ ಕೊಟ್ಟು ತಳ್ಳಿದ. ಮೊಟ್ಟೆಹಾಲು ಒಂದು ಕಡೆಯಿಂದ ಜುಳುಜುಳು ಹರಿದು ಕೆಂಪಗೆ ಕಾದ ಕಂಬಿಯ ಮೇಲೆ ಬಿತ್ತು. ಫಟ್! ಓವನ್ನಿನ ದೀಪ ಆರಿತು, ಮನೆಯ ದೀಪ ಆರಿತು, ಮೇಸ್ತ್ರಿಯ ಮುಖದ ದೀಪವೂ ಆರಿತು.

"ಏನ್ರೀ ಅದು ಸದ್ದು?" ಎಂದು ಬ್ರಷ್ ಸಮೇತ ಓಡಿ ಬಂದ ಹೆಂಡತಿ, ಹೊಗೆ ನೋಡಿ ಗಾಬರಿಯಾಗಲಿಲ್ಲ. ಟ್ರೇ ನೋಡಿ ಗಾಬರಿಯಾದಳು.

"ಅಯ್ಯೋ! ಇದನ್ನ ಯಾಕೆ ಇಳಿಸಿದ್ರಿ?"

"ಯಾಕೆ? ನಮ್ಮದೇ ಅಲ್ವಾ?"

"ನಮ್ಮದಲ್ಲ. ಅಕ್ಕನ ಓವನ್ನಿನ ಜೊತೆ ಬಂದಿದ್ದು. ಅದೇ... ಆ ಪಾತ್ರೆ!"

ಮೇಸ್ತ್ರಿ ನೆಲದ ಮೇಲೆ ಕೂತುಬಿಟ್ಟ. "ನೀನು ವಾಪಸು ಕೊಟ್ಟಿರಲಿಲ್ವಾ?"

"ತಿಕ್ಕಿ ತಿಕ್ಕಿ ಬೆರಳು ಸವೆದು ಹೋಯ್ತು ರೀ. ಆಮೇಲೆ, ನಾನ್ಯಾಕೆ ಹೊತ್ಕೊಂಡು ಹೋಗಲಿ, ಬೇಕಾದ್ರೆ ಅವಳೇ ಬಂದು ಕೇಳಲಿ ಅನ್ನಿಸ್ತು. ಅವಳು ಕೇಳಲಿಲ್ಲ. ನಾನು ಕೊಡಲಿಲ್ಲ." ಅವಳ ದನಿ ಸಣ್ಣದಾಯಿತು. "ಆಮೇಲೆ ತಗೊಂಡು ಹೋಗೋಕೆ ನಾಚಿಕೆ ಆಯ್ತು."

ಅಷ್ಟರಲ್ಲಿ ಮೆಟ್ಟಿಲಿನಿಂದ ಕಟ್ಟಡದ ಕಾರ್ಯದರ್ಶಿಯ ದನಿ ಕೇಳಿತು: "ಮೇಸ್ತ್ರೀ! ವಾಸನೆ ಏನೋ ಬಂತು, ತಿಂಡಿ ಯಾವಾಗ ಬರುತ್ತೆ?"

ಕಟ್ಟಡದಲ್ಲಿ ಇದ್ದ ಇನ್ನೊಂದು ಓವನ್ ಎಂದರೆ ಅಕ್ಕನದೇ. ಗಂಡಹೆಂಡತಿ ಮುಖ ಮುಖ ನೋಡಿಕೊಂಡರು.

"ನಾನು ಬರಲ್ಲ," ಎಂದಳು ಹೆಂಡತಿ.

"ಬರಬೇಡ. ನಾನೇ ಹೋಗ್ತೀನಿ." ಮೇಸ್ತ್ರಿ ಟ್ರೇಯನ್ನು ಒಬ್ಬನೇ ಎತ್ತಿದ. ಟ್ರೇ ಬಾಗಿತು, ಒಂದು ಚಮಚ ಮೊಟ್ಟೆಹಾಲಿನಿಂದ ಅವನ ಪಾದಕ್ಕೆ ಅಭಿಷೇಕವಾಯಿತು.

"ಇರೀ, ಇರೀ! ಎಲ್ಲಾ ಚೆಲ್ಲಿ ಹಾಳು ಮಾಡ್ತೀರ." ಅವಳು ಇನ್ನೊಂದು ತುದಿ ಹಿಡಿದಳು. "ಬಾಗಿಲ ತನಕ ಮಾತ್ರ. ಅಲ್ಲಿಟ್ಟು ನಾನು ವಾಪಸು."

ಮೆರವಣಿಗೆ ಹೊರಟಿತು. ಎರಡೂ ಕಡೆ ಹಸಿ ಬಣ್ಣದ ಗೋಡೆ, ನಡುವೆ ಹಸಿದ ಜನ. "ದಾರಿ ಬಿಡಿ, ದಾರಿ ಬಿಡಿ!" ಎಂದು ಕಾರ್ಯದರ್ಶಿ ಕೂಗಿದ ರಭಸಕ್ಕೆ ಒಂದಿಬ್ಬರು ಗೋಡೆಗೇ ಒರಗಿ ಹಳದಿಯಾದರು. "ಇದೇನು, ತಿಂಡಿ ಮೇಲಕ್ಕೆ ಹೋಗ್ತಿದೆ? ನಾವು ಕೆಳಗಿದ್ದೀವಿ!" ಎಂದು ಯಾರೋ ಗೊಣಗಿದರು. ಹೆಂಡತಿಯ ಭುಜಕ್ಕೂ ಬಣ್ಣ ಮೆತ್ತಿತು. ಅವಳಿಗೆ ಅದರ ಪರಿವೆ ಇರಲಿಲ್ಲ. ಬೆಳಗಿನಿಂದ ತೆರೆಯದೇ ಇದ್ದ ಮೇಲಿನ ಬಾಗಿಲನ್ನೇ ನೋಡುತ್ತಿದ್ದಳು.

ಬಾಗಿಲ ಮುಂದೆ ನಿಂತರೆ ಹೊಸ ತೊಡಕು. ಬಣ್ಣ ತಾಕಬಾರದೆಂದು ಕರೆಗಂಟೆಗೆ ಕಾಗದ ಅಂಟಿಸಿ ಮುಚ್ಚಿದ್ದರು. ಇಬ್ಬರ ಕೈಯೂ ಖಾಲಿಯಿಲ್ಲ. ನೆಲದಲ್ಲೆಲ್ಲ ಬಣ್ಣದ ಡಬ್ಬಗಳು, ಟ್ರೇ ಇಡಲು ಜಾಗವಿಲ್ಲ. ಯಾರಾದರೂ ಬಾಯಿಬಿಟ್ಟು ಕರೆಯಲೇಬೇಕು. ಮೇಸ್ತ್ರಿ ಗಂಟಲು ಸರಿಮಾಡಿಕೊಂಡ.

"ಅಕ್ಕಾ!" ಎಂದಳು ಹೆಂಡತಿ. ಇಷ್ಟು ದಿನ ಒಳಗೇ ಉಳಿದಿದ್ದ ಆ ಮಾತು ಒಡೆದ ದನಿಯಲ್ಲಿ ಹೊರಬಂತು. "ಅಕ್ಕಾ, ಬಾಗಿಲು ತೆಗಿಯೇ, ಕೈ ಬಿದ್ದು ಹೋಗ್ತಿದೆ!"

ಬಾಗಿಲು ತಟ್ಟನೆ ತೆರೆಯಿತು. ಹಿಂದೆಯೇ ನಿಂತಿದ್ದಳೋ ಏನೋ! ಅಕ್ಕ ತಂಗಿಯನ್ನು ನೋಡಿದಳು, ಭುಜದ ಬಣ್ಣ ನೋಡಿದಳು, ಆಮೇಲೆ ಟ್ರೇ ನೋಡಿದಳು. ಮೆಟ್ಟಿಲ ಮೇಲಿದ್ದವರ ಬ್ರಷ್ಷುಗಳು ನಿಂತವು.

"ನಾನು ತೊಳೆದು ಕೊಡು ಅಂದಿದ್ದೆ ಕಣೇ," ಎಂದಳು ಅಕ್ಕ. "ನೀನು ತುಂಬಿಸ್ಕೊಂಡು ಬಂದಿದ್ದೀಯಲ್ಲೇ!"

"ತೊಳೆದಿದ್ದೆ ಅಕ್ಕ, ಕನ್ನಡಿ ಥರ ತೊಳೆದಿದ್ದೆ. ಇವರು..." ಎನ್ನುವಷ್ಟರಲ್ಲಿ ತಂಗಿಯ ಕಣ್ಣು ತುಂಬಿತು.

"ನಾನೀಗ ಅದನ್ನ ಕೇಳಿದ್ನಾ? ಒಳಗೆ ಬಾ ಮೊದಲು."

ಅಕ್ಕನ ಅಡುಗೆಮನೆಯೆಲ್ಲ ಡಬ್ಬಗಳಿಗೆ ಸೇರಿಯಾಗಿತ್ತು. ಓವನ್ ಮಾತ್ರ ಇದ್ದಲ್ಲೇ ಇತ್ತು. "ಟ್ರೇ ಇಲ್ಲದ ಓವನ್ ಕಟ್ಟೋಕೆ ಮನಸ್ಸೇ ಬರಲಿಲ್ಲ," ಎಂದು ಅಕ್ಕ ಯಾರ ಮುಖವನ್ನೂ ನೋಡದೆ ಹೇಳಿದಳು. ಟ್ರೇ ಸುಯ್ಯನೆ ಒಳಗೆ ಹೋಯಿತು. ಅಷ್ಟು ನಯವಾಗಿ ಜಾರುವ ಡ್ರಾಯರನ್ನು ಮೇಸ್ತ್ರಿ ತನ್ನ ಜನ್ಮದಲ್ಲಿ ಮಾಡಿರಲಿಲ್ಲ.

ಅಕ್ಕತಂಗಿಯರು ಓವನ್ನಿನ ಗಾಜಿನ ಮುಂದೆ ನೆಲದ ಮೇಲೆ ಕೂತರು. ತಿಂಡಿ ಉಬ್ಬುತ್ತ ಹೋಯಿತು, ಇವರ ಮಾತು ಮುಗಿಯಲಿಲ್ಲ. ಒಮ್ಮೆ ಅತ್ತರು, ಒಮ್ಮೆ ನಕ್ಕರು. ನಕ್ಕದ್ದು ಹೆಚ್ಚಾಗಿ ತನ್ನ ವಿಷಯಕ್ಕೇ ಎಂದು ಮೇಸ್ತ್ರಿಗೆ ಅನುಮಾನ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವನಿಗೆ ಹೊಟ್ಟೆ ತಣ್ಣಗಾಯಿತು. ಒಂದು ಮಾತು ಎಂದು ತಾನು ಆವತ್ತು ಎಷ್ಟು ಸಲೀಸಾಗಿ ಹೇಳಿಬಿಟ್ಟಿದ್ದೆ, ಆ ಒಂದು ಮಾತಿನ ಭಾರ ಇವಳು ಇಷ್ಟು ದಿನ ಹೊತ್ತಿದ್ದಳಲ್ಲ ಎನ್ನಿಸಿ ಸ್ವಲ್ಪ ನಾಚಿಕೆಯೂ ಆಯಿತು.

ತಿಂಡಿ ಹೊಂಬಣ್ಣಕ್ಕೆ ಬಂತು. ಮೆಟ್ಟಿಲ ಮೇಲೇ ಎಲ್ಲರೂ ತಟ್ಟೆ ಹಿಡಿದು ಕೂತರು. "ಅಕ್ಕತಂಗೀರ ಕೈರುಚಿ ಅಂದ್ರೆ ಇದು!" ಎಂದು ಕಾರ್ಯದರ್ಶಿ ಮತ್ತೊಮ್ಮೆ ಹಾಕಿಸಿಕೊಂಡ. ಮೇಸ್ತ್ರಿ ತಾನೇ ಅಳೆದು ಕೊಯ್ದ ಬ್ರೆಡ್ಡಿನ ಚೌಕವೊಂದನ್ನು ಬಾಯಿಗಿಟ್ಟುಕೊಂಡ.

ಕೊನೆಗೆ ಖಾಲಿ ಟ್ರೇಯನ್ನು ಅಕ್ಕ ತಂಗಿಯ ಕೈಗೇ ಇಟ್ಟಳು. "ಇದು ನಿನ್ನ ಹತ್ರಾನೇ ಇರಲಿ. ಕೊಡೋ ನೆಪಕ್ಕಾದ್ರೂ ನನ್ನ ಹೊಸ ಮನೆಗೆ ಬರ್ತೀಯ. ಖಾಲಿ ಮಾತ್ರ ತರಬೇಡ, ಬಾಗಿಲು ತೆಗೆಯಲ್ಲ."

ಇದೇ ಸಮಯವೆಂದು ಮೇಸ್ತ್ರಿ ಎದ್ದು ನಿಂತು, ಸೊಂಟದ ಟೇಪು ತಟ್ಟಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಚಿಂತೆ ಬಿಡಿ ಅತ್ತಿಗೆ! ಹೇಗೂ ನಮ್ಮ ಓವನ್ ಸುಟ್ಟುಹೋಯ್ತು. ಈ ಟ್ರೇ ಹಿಡಿಸೋ ಅಂಥ ದೊಡ್ಡ ಓವನ್ ತರ್ತೀನಿ. ನಾನೇ ಗೂಡು ಕೊಯ್ತೀನಿ!"

"ಈ ಸಲವಾದ್ರೂ," ಎಂದಳು ಹೆಂಡತಿ ಅಷ್ಟೇ ಗಟ್ಟಿಯಾಗಿ, "ಒಳಗಿನ ಅಳತೆ ತಗೊಳ್ಳಿ!"

ಮೆಟ್ಟಿಲಿಗೆ ಮೆಟ್ಟಿಲೇ ನಕ್ಕಿತು. ಮೇಸ್ತ್ರಿಗೆ ಎಲ್ಲೋ ಚುರುಕ್ಕೆಂದಿತು.

"ಈ ಸಲವಾದ್ರೂ ಅಂದ್ರೆ ಏನರ್ಥ? ಇಷ್ಟು ವರ್ಷದಲ್ಲಿ ನಾನು ಅಳತೆ ತಪ್ಪಿದ್ದು..."

"ಒಂದು ಮಾತು ರೀ," ಎಂದು ಹೆಂಡತಿ ಟ್ರೇಯನ್ನು ಅವನ ಕೈಗೆ ದಾಟಿಸಿದಳು. "ಅಷ್ಟಕ್ಕೆಲ್ಲಾ ಮನಸ್ಸಿಗೆ ಹಚ್ಕೊಂಡ್ರೆ ಆಗುತ್ತಾ?"

ಮೇಸ್ತ್ರಿ ಟ್ರೇ ತೊಳೆಯಲು ಹೋದ.