ಆರಿದೆಯಾ ಎಂದು ಮುಟ್ಟಿ ನೋಡುವವರು

ಬೇರೆಯವರ ತಪ್ಪುಗಳ ವಿಷಯಕ್ಕೆ ಬಂದರೆ ನಮ್ಮಲ್ಲಿ ಪಂಡಿತರಲ್ಲದವರು ಯಾರೂ ಇಲ್ಲ. ಪಕ್ಕದ ಮನೆಯವರು ಮಗಳ ಮದುವೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿಸಿದ್ದು, ಭಾವ ಕಾರು ಹಿಂದಕ್ಕೆ ತೆಗೆಯುವಾಗ ತನ್ನದೇ ಗೇಟಿಗೆ ಗುದ್ದಿದ್ದು, ಎಲ್ಲವೂ ತಿಥಿವಾರ ಸಮೇತ ನೆನಪಿರುತ್ತದೆ. 'ನಿನ್ನದೊಂದು ತಪ್ಪು ಹೇಳಪ್ಪಾ' ಎಂದರೆ ಮಾತ್ರ ಮರೆವು ಬಂದು ಆವರಿಸಿಕೊಳ್ಳುತ್ತದೆ. ನನಗಂತೂ ಈ ಪಾಂಡಿತ್ಯ ಒಂದು ಹಿಡಿ ಹೆಚ್ಚೇ ಇದೆ. ನಾನು ಅವರಿವರ ತಪ್ಪುಗಳನ್ನು ನೆನಪಿಟ್ಟುಕೊಳ್ಳುವುದಷ್ಟೇ ಅಲ್ಲ, ಮಾಡಿ ತೋರಿಸುತ್ತೇನೆ. ಯಾರಾದರೂ ನನ್ನೆದುರು ಒಂದು ಸಲ ನಡೆದುಹೋದರೆ ಸಾಕು, ಅವರ ನಡಿಗೆ ನನ್ನ ಕಾಲಿಗೆ ಬಂದುಬಿಟ್ಟಿರುತ್ತದೆ. ಶಾಲೆಯಲ್ಲಿ ಇದಕ್ಕಾಗಿ ಪೆಟ್ಟು ತಿಂದೆ. ಪೆಟ್ಟು ಕೊಟ್ಟ ಮೇಷ್ಟ್ರು ಕೋಲು ಎತ್ತುವ ಭಂಗಿಯನ್ನು ಮರುದಿನ ಮಾಡಿ ತೋರಿಸಿ ಮತ್ತೆ ತಿಂದೆ. ಈ ವಿದ್ಯೆಯಿಂದ ಮುಂದೊಂದು ದಿನ ನನ್ನ ಹೊಟ್ಟೆ ತುಂಬುತ್ತದೆ ಎಂದು ಯಾರೂ ಅಂದುಕೊಂಡಿರಲಿಲ್ಲ. ಇದರಿಂದಲೇ ನನ್ನ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂದು ಮಾತ್ರ ಅವ್ವ ಮೊದಲಿನಿಂದಲೂ ನಂಬಿದ್ದಳು.

ನಾನು ಕೆಲಸ ಮಾಡುವುದು ವಿಮಾನದ ಭಾಗಗಳನ್ನು ತಯಾರಿಸುವ ಒಂದು ಭಾರೀ ಕಂಪನಿಯಲ್ಲಿ. ಕಂಪನಿ ಭಾರೀ ಹೌದು, ಆದರೆ ಕುಶಾಲನಗರದ ನಮ್ಮ ಘಟಕ ಆನೆಯ ಬಾಲದ ತುದಿಯ ಕೂದಲಿನಷ್ಟು. ಕೊಡಗಿನಲ್ಲಿ ಕ್ರಿಕೆಟ್ ಆಡಲು ಸಮತಟ್ಟಾದ ಜಾಗ ಹುಡುಕುವುದೇ ಕಷ್ಟ, ಇನ್ನು ವಿಮಾನ ಎಲ್ಲಿ ಇಳಿಯಬೇಕು? ಆದರೂ ರೆಕ್ಕೆಯೊಳಗೆ ಕೂರುವ ತಗಡಿನ ಭಾಗಗಳು ನಮ್ಮಲ್ಲಿ ತಯಾರಾಗಿ, ಹಾರುವ ಮೊದಲು ಲಾರಿ ಹತ್ತುತ್ತವೆ. ನನ್ನ ಹುದ್ದೆಯ ಹೆಸರು 'ಜ್ಞಾನ ಸಂಯೋಜಕ'. ಇದನ್ನು ಕೇಳಿದ ನಮ್ಮ ಬೀದಿಯ ಅಜ್ಜಿಯೊಬ್ಬರು, ಇಷ್ಟು ಚಿಕ್ಕ ವಯಸ್ಸಿಗೆ ಮಠಕ್ಕೆ ಯಾಕೆ ಸೇರಿಸಿದಿರಿ ಎಂದು ಅವ್ವನನ್ನು ಸಂತೈಸಲು ಬಂದಿದ್ದರು. ಸಂಗತಿ ಇಷ್ಟೇ: ದೊಡ್ಡ ಕಂಪನಿಗಳಲ್ಲಿ ಒಂದು ಘಟಕದವರು ಮಾಡಿ ಪಶ್ಚಾತ್ತಾಪಪಟ್ಟ ತಪ್ಪನ್ನು ಇನ್ನೊಂದು ಘಟಕದವರು ಹೊಚ್ಚಹೊಸದೆಂಬಂತೆ ಉತ್ಸಾಹದಿಂದ ಮಾಡುತ್ತಾರೆ. ಅನುಭವಸ್ಥರು ನಿವೃತ್ತರಾದಾಗ ಅವರ ತಲೆಯೊಳಗಿದ್ದದ್ದು ಅವರ ಜೊತೆಗೇ ಮನೆಗೆ ಹೋಗುತ್ತದೆ. ಅದಕ್ಕಾಗಿ ನಮ್ಮ ಮುಖ್ಯ ಕಚೇರಿ ಕಂಪ್ಯೂಟರಿನಲ್ಲಿ 'ಜ್ಞಾನ ಭಂಡಾರ' ಎಂಬುದೊಂದನ್ನು ತೆರೆಯಿತು. ಪ್ರತಿಯೊಬ್ಬರೂ ತಾವು ಮಾಡಿದ ತಪ್ಪನ್ನೂ ಅದರಿಂದ ಕಲಿತ ಪಾಠವನ್ನೂ ಅದಕ್ಕೆ ಹಾಕಬೇಕು. ಎಲ್ಲ ಘಟಕದವರೂ ನೋಡಿ ಕಲಿಯಬೇಕು. ಹಾಕಿಸುವ ಕೆಲಸ ನನ್ನದು. ಒಂದು ವರ್ಷ ಪರೀಕ್ಷಾರ್ಥ, ಆಮೇಲೆ ಭಂಡಾರ ತುಂಬಿದ್ದರೆ ಕಾಯಂ, ಖಾಲಿ ಇದ್ದರೆ ನಾನೂ ಖಾಲಿ.

ವರ್ಷ ಮುಗಿಯಲು ಒಂದೆರಡು ತಿಂಗಳು ಉಳಿದಾಗಲೂ ಭಂಡಾರದಲ್ಲಿ ನಮ್ಮ ಘಟಕದ ಕಪಾಟು ಬಿಕೋ ಎನ್ನುತ್ತಿತ್ತು. ನಮ್ಮ ಘಟಕದ ಮ್ಯಾನೇಜರ್ ಪೂವಯ್ಯ ಸಾರ್ ಅವರನ್ನು ಕೇಳಿದೆ. ಅವರು ಮೀಸೆಯ ಮೇಲೆ ಬೆರಳಾಡಿಸಿ, ಬಹಳ ಹೊತ್ತು ಯೋಚಿಸಿ, ತಾನು ಮಾಡಿದ ಒಂದೇ ತಪ್ಪು ಎಂದರೆ ನನ್ನನ್ನು ಕೆಲಸಕ್ಕೆ ತೆಗೆದುಕೊಂಡಿದ್ದು ಎಂದರು. ಡ್ರಿಲ್ಲಿಂಗ್ ವಿಭಾಗದ ಶಾಜಿ ತನ್ನದು ಯಾವುದೂ ಇಲ್ಲ, ಬೇಕಾದರೆ ಜಾನಕಿ ಅಕ್ಕನದು ನಾಲ್ಕು ಕೊಡುತ್ತೇನೆ ಎಂದ. ಸೀಲೆಂಟ್ ಬಳಿಯುವ ಜಾನಕಿ ಅಕ್ಕನ ಬಳಿ ಹೋದರೆ ಶಾಜಿಯವು ಆರು ಸಿಕ್ಕವು. ಆಗ ನನ್ನ ತಲೆಯೊಳಗೆ ದೀಪ ಹತ್ತಿತು. ಜ್ಞಾನ ಇಲ್ಲದೆ ಇಲ್ಲ, ಧಾರಾಳವಾಗಿದೆ. ಆದರೆ ಯಾರದು ಯಾರ ಹತ್ತಿರ ಇದೆ ಎನ್ನುವುದಷ್ಟೇ ಅದಲುಬದಲು. ಅಂದಿನಿಂದ ನಾನು ಯಾರನ್ನೂ ಅವರ ತಪ್ಪು ಕೇಳಲಿಲ್ಲ. ಪಕ್ಕದವರದನ್ನು ಕೇಳಿ, ಹೆಸರು ತೆಗೆದು, ಕ್ಯಾಂಟೀನಿನಲ್ಲಿ ನಾನೇ ಅಭಿನಯಿಸಿ, ನನ್ನ ಫೋನಿನಲ್ಲಿ ಶಾಜಿಯಿಂದ ಚಿತ್ರ ಹಿಡಿಸಿದೆ. ರಂಧ್ರ ಕೊರೆಯುವಾಗ ಹಾಡು ಗುನುಗಿ ತಾಳಕ್ಕೆ ಸರಿಯಾಗಿ ಕೈ ಒತ್ತುವವನು, ನಕ್ಷೆಯನ್ನು ತಲೆಕೆಳಗು ಹಿಡಿದು 'ಇದು ಹೀಗೇ ಇರೋದು' ಎಂದು ವಾದಿಸುವವನು. ಜನ ಮುಗಿಬಿದ್ದು ನೋಡಿದರು. ಶಾಜಿ ತನ್ನ ಹಾಡಿನ ವಿಡಿಯೋ ನೋಡಿ ಬಿದ್ದುಬಿದ್ದು ನಕ್ಕು, 'ಇದು ಪಕ್ಕಾ ಎರಡನೇ ಪಾಳಿಯ ಯಾರೋ ಕಣೋ' ಎಂದ. ಹೊಸಬರು ನಿಜವಾಗಿಯೂ ಕಲಿತರು.

ಇಲ್ಲಿ ಒಂದು ಅಡ್ಡಮಾತು ಹೇಳಲೇಬೇಕು. ನಮ್ಮಲ್ಲಿ ಪ್ರತಿ ಉಪಕರಣಕ್ಕೂ ಗೋಡೆಯ ಹಲಗೆಯ ಮೇಲೆ ಅದರದೇ ಆಕಾರದ ಒಂದು ಗೂಡು ಕೊರೆದಿರುತ್ತಾರೆ. ಒಂದು ಗೂಡು ಖಾಲಿ ಕಂಡರೂ ಕೆಲಸ ನಿಲ್ಲಿಸಿ ಎಲ್ಲರೂ ಹುಡುಕಬೇಕು. ಸ್ಪ್ಯಾನರು ರೆಕ್ಕೆಯೊಳಗೆ ಮಲಗಿ ಟಿಕೆಟ್ಟಿಲ್ಲದೆ ಹಾರಿಹೋದರೆ ಆಟವಲ್ಲ. ಮೂಲೆಮುಡುಕು ನೋಡಲು ದಂತವೈದ್ಯರ ಬಳಿ ಇರುವಂಥ ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದಿದೆ. ಆ ಕನ್ನಡಿ ಮಾತ್ರ ಆಗಾಗ ಮಾಯವಾಗಿ, ಎಲ್ಲರೂ ನೆಲಕ್ಕೆ ಕಣ್ಣು ಹಚ್ಚಿ ಹುಡುಕಿ ಸುಸ್ತಾದ ಮೇಲೆ ಯಾವುದೋ ಮೇಜಿನ ಮೇಲೆ ಸಾಧುವಿನಂತೆ ಪ್ರತ್ಯಕ್ಷವಾಗುತ್ತಿತ್ತು. ಹಾಗಾದಾಗಲೆಲ್ಲ ಶಿಸ್ತಿನ ಬಗ್ಗೆ ಎಲ್ಲರಿಗೂ ಭಾಷಣ ಬಿಗಿಯುತ್ತಿದ್ದದ್ದು ನಾನೇ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಕೊಡಗಿನವರಿಗೆಲ್ಲ ಒಂದು ಚಾಳಿಯಿದೆ: ಏನನ್ನು ಕಂಡರೂ ಆರಿದೆಯಾ ಎಂದು ಮುಟ್ಟಿ ನೋಡುವುದು. ತಪ್ಪು ನಮ್ಮದಲ್ಲ, ನಮ್ಮ ಮಳೆಯದು. ವರ್ಷದ ಅರ್ಧ ಭಾಗ ಹಗ್ಗದ ಮೇಲಿನ ಬಟ್ಟೆ ಮುಟ್ಟಿ ನೋಡುವುದರಲ್ಲೇ ಕಳೆಯುತ್ತದೆ. ಉಳಿದರ್ಧ ಕಣದಲ್ಲಿ ಹರಡಿದ ಕಾಫಿ ಮುಟ್ಟುವುದರಲ್ಲಿ. ನೆಂಟರ ಮನೆಗೆ ಹೋದರೂ ಒಳಗೆ ಕಾಲಿಡುವ ಮೊದಲು ಅವರ ಕಣದ ನಾಲ್ಕು ಕಾಫಿಕಾಯಿ ಹಿಸುಕಿ 'ಇನ್ನೊಂದೆರಡು ಬಿಸಿಲು ಬೇಕು' ಎನ್ನದಿದ್ದರೆ ನಮಗೆ ಸಮಾಧಾನವಿಲ್ಲ. ನಮ್ಮ ಕಂಪನಿಯ ಜನರಲ್ ಮ್ಯಾನೇಜರ್, ನಾವು ದೊಡ್ಡ ಸಾಹೇಬರು ಎನ್ನುವವರು, ಪಾಲಿಬೆಟ್ಟದ ಕಡೆಯ ಎಸ್ಟೇಟಿನಲ್ಲಿ ಬೆಳೆದವರು. ಮುಖ್ಯ ಕಚೇರಿಯಿಂದ ಬಂದಾಗಲೆಲ್ಲ ಅವರು ನೇರವಾಗಿ ಜಾನಕಿ ಅಕ್ಕನ ಮೇಜಿಗೇ ಹೋಗುತ್ತಿದ್ದರು. ಸೀಲೆಂಟ್ ಎಂದರೆ ತಗಡುಗಳ ಸಂದಿಗೆ ಬಳಿಯುವ, ಹಲ್ವದ ಹದದ ಒಂದು ಅಂಟು. ಅದು ಆರುವವರೆಗೆ ಉಸಿರೂ ತಾಗಬಾರದು. ಮುಟ್ಟಿ ನೋಡಲೆಂದೇ ಪಕ್ಕದಲ್ಲಿ ಅದೇ ಅಂಟು ಬಳಿದ ಒಂದು ಮಾದರಿ ತುಂಡು ಇಟ್ಟಿರುತ್ತೇವೆ. ದೊಡ್ಡ ಸಾಹೇಬರ ಕಣ್ಣಿಗೆ ಆ ತುಂಡು ಯಾವತ್ತೂ ಬೀಳಲಿಲ್ಲ. ಪ್ಯಾಂಟು ಮೇಲೆಳೆದು, ಕೈ ಹಿಂದೆ ಕಟ್ಟಿ, ತಲೆ ವಾಲಿಸಿ, 'ಹ್ಞೂಂ' ಎಂದು ಗಂಟಲು ಸರಿಮಾಡಿ, 'ಆರಿದೆಯಾ?' ಎನ್ನುತ್ತಾ ತೋರುಬೆರಳನ್ನು ನೇರವಾಗಿ ಅಸಲಿ ಭಾಗಕ್ಕೇ ಒತ್ತುತ್ತಿದ್ದರು. ಬೆರಳಚ್ಚು ಸ್ಪಷ್ಟವಾಗಿ ಮೂಡುತ್ತಿತ್ತು. ಅವರು ಕರ್ಚೀಫಿಗೆ ಬೆರಳು ಒರೆಸಿ ಕಾರು ಹತ್ತಿದ ಮೇಲೆ ಜಾನಕಿ ಅಕ್ಕ ಎಲ್ಲವನ್ನೂ ಕೆರೆದು ತೆಗೆದು ಮೊದಲಿನಿಂದ ಬಳಿಯಬೇಕು. ಹೇಳುವವರು ಯಾರು? ಇಡೀ ಘಟಕಕ್ಕೆ ಗೊತ್ತಿದ್ದ ಜ್ಞಾನ ಇದು. ಭಂಡಾರಕ್ಕೆ ಹಾಕಲಾಗದ ಜ್ಞಾನವೂ ಇದೇ. ಹಾಗಾಗಿ ಒಂದು ಚಹಾದ ಹೊತ್ತಿನಲ್ಲಿ ನಮ್ಮ ಸಂತೋಷಕ್ಕೆಂದು ಮಾತ್ರ ನಾನು ದೊಡ್ಡ ಸಾಹೇಬರಾಗಿ, ಉಪ್ಪಿಟ್ಟಿನ ತಟ್ಟೆಗೆ ಬೆರಳೊತ್ತಿದ್ದೆ, ಶಾಜಿ ಅದನ್ನೂ ಚಿತ್ರ ಹಿಡಿದಿದ್ದ.

ಆ ವಾರದ ಕೊನೆಗೆ ಕರಿಕೆಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಹೊಸ ವಿಡಿಯೋಗಳನ್ನು ಭಂಡಾರಕ್ಕೆ ಏರಿಸಲು ಭಾನುವಾರವೇ ಕೊನೆ. ಕರಿಕೆಯಲ್ಲಿ ಫೋನಿನ ಸಿಗ್ನಲ್ ಎಂದರೆ ಕೇರಳದ ಕಡೆಯಿಂದ ದಾರಿ ತಪ್ಪಿ ಬರುವ ಅತಿಥಿ. ಅಕ್ಕನ ತೋಟದಾಚೆಯ ಬಂಡೆ ಹತ್ತಿ, ಕೈ ಮೇಲೆತ್ತಿ ನಿಂತರೆ ಒಂದೆರಡು ಗಳಿಗೆ ದರ್ಶನ ಕೊಟ್ಟು ಹೋಗುತ್ತದೆ. ಬೆಳಿಗ್ಗೆಯಿಂದ ಹಾಗೆ ನಿಂತು, ದೂರದಿಂದ ನೋಡಿದವರಿಗೆ ತಪಸ್ವಿಯಂತೆ ಕಂಡ ಮೇಲೆ, ಕೊನೆಗೆ ಸಿಗ್ನಲ್ ಬಂದೇಬಿಟ್ಟಿತು. ಸಿಗ್ನಲ್ ಬಂದಾಗ ಆರಿಸುತ್ತಾ ಕೂರುವಷ್ಟು ತಾಳ್ಮೆ ನಮ್ಮ ಜಿಲ್ಲೆಯವರಿಗಿಲ್ಲ. 'ಎಲ್ಲವನ್ನೂ' ಎಂಬಲ್ಲಿ ಬೆರಳೊತ್ತಿದೆ. ಎಲ್ಲವೂ ಹೋಯಿತು. ಸಿಗ್ನಲ್ಲೂ ಹೋಯಿತು.

ಭಾಗಮಂಡಲದ ದಾರಿಯಲ್ಲಿ ಮಡಿಕೇರಿಗೆ ಬರುವ ಬಸ್ಸಿನಲ್ಲಿ, ಅಕ್ಕ ಹೊರಿಸಿದ ಬಾಳೆಗೊನೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಸುಮ್ಮನೆ ಫೋನು ತೆರೆದಾಗ, ಉಪ್ಪಿಟ್ಟಿಗೆ ಬೆರಳೊತ್ತುವ ನನ್ನ ಚಿತ್ರದ ಪಕ್ಕದಲ್ಲೂ 'ತಲುಪಿದೆ' ಎಂಬ ಹಸಿರು ಗುರುತು ಕಂಡಿತು. ಬಾಳೆಗೊನೆಯ ಮೇಲೇ ಫೋನಿಟ್ಟು ಅಳಿಸುವ ಗುಂಡಿ ಹುಡುಕಿದೆ, ಸಿಗಲಿಲ್ಲ. ಭಂಡಾರಕ್ಕೆ ಹಾಕುವುದಷ್ಟೇ ನನ್ನ ಕೈಲಿ. ತೆಗೆಯುವ ಕೀಲಿ ಮುಖ್ಯ ಕಚೇರಿಯದು. ಮಡಿಕೇರಿ ತಲುಪಿ ಅವರಿಗೆ ಫೋನು ಮಾಡೋಣ ಎನ್ನುವಷ್ಟರಲ್ಲಿ ಪೂವಯ್ಯ ಸಾರ್ ಅವರದೇ ಕರೆ ಬಂತು.

"ದೊಡ್ಡ ಸಾಹೇಬ್ರು ನಾಳೆ ಬರ್ತಾರಂತೆ. ಭಂಡಾರದಲ್ಲಿ ನಮ್ಮದೊಂದು ವಿಡಿಯೋ ನೋಡಿದ್ರಂತೆ. ಎಲ್ಲರೂ ಇರ್ಬೇಕಂತೆ," ಎಂದವರು ಫೋನಿಡುವ ಮೊದಲು, "ನೀನು ಇರ್ಲೇಬೇಕಂತೆ" ಎಂದರು.

ಮನೆಯಲ್ಲಿ ವಿಷಯ ತಿಳಿಸಿದೆ. ಅವ್ವ ಮುದ್ದೆ ತಿರುವುವುದನ್ನು ನಿಲ್ಲಿಸದೆ, "ಊರೋರ್ನೆಲ್ಲಾ ಆಡ್ಕಂಡಾಯ್ತಲ್ಲ ಮಗ, ಇನ್ನು ಮನೇಲಿ ಕೂತ್ಕಂಡು ನಮ್ಮನ್ನ ಆಡ್ಕೋ" ಎಂದಳು. ನಾನು ಅವಳ ದನಿಯನ್ನು ಅಣಕಿಸದೆ ಉಂಡದ್ದನ್ನು ಕಂಡು ಅವಳಿಗೂ ಗಾಬರಿಯಾಯಿತು.

ಮರುದಿನ ಕ್ಯಾಂಟೀನಿನ ಗೋಡೆಯ ಮೇಲೆ ವಿಡಿಯೋ ಹಾಕಿದರು. ಗೋಡೆಯಲ್ಲಿ ನಾನು ಪ್ಯಾಂಟು ಮೇಲೆಳೆದೆ, ಕೈ ಹಿಂದೆ ಕಟ್ಟಿದೆ, ತಲೆ ವಾಲಿಸಿದೆ. ಕುರ್ಚಿಯಲ್ಲಿ ದೊಡ್ಡ ಸಾಹೇಬರೂ ತಲೆ ವಾಲಿಸಿ ನೋಡುತ್ತಿದ್ದರು. ಪೂವಯ್ಯ ಸಾರ್ ಫ್ಯಾನಿನ ರೆಕ್ಕೆಗಳನ್ನು ಎಣಿಸುತ್ತಿದ್ದರು. ಶಾಜಿ ಯಾವುದೋ ದೇವರನ್ನು ಮಲಯಾಳದಲ್ಲಿ ಕರೆಯುವುದು ಕೇಳಿಸಿತು. ಗೋಡೆಯ ನಾನು 'ಹ್ಞೂಂ, ಆರಿದೆಯಾ?' ಎಂದು ಉಪ್ಪಿಟ್ಟಿಗೆ ಬೆರಳೊತ್ತಿದ್ದೇ ತಡ, ದೊಡ್ಡ ಸಾಹೇಬರು ನಗಲಾರಂಭಿಸಿದರು. ಹೊಟ್ಟೆ ಕುಲುಕಿಸಿ, ಕಣ್ಣೊರೆಸಿಕೊಂಡು, ಮೇಜು ತಟ್ಟಿ ನಕ್ಕರು. ಆಮೇಲೆ 'ಹ್ಞೂಂ' ಎಂದು ಗಂಟಲು ಸರಿಮಾಡಿಕೊಂಡು ನನ್ನತ್ತ ತಿರುಗಿದರು.

"ಇದು ಯಾರು ಅಂತ ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?"

ನನ್ನ ನಾಲಿಗೆ ಅಂಗುಳಕ್ಕೆ ಅಂಟಿತು; ಅದೂ ಪೂರ್ತಿ ಆರಿದ ಸೀಲೆಂಟಿನಂತೆ.

"ನಮ್ಮ ಪರ್ಚೇಸ್ ವಿಭಾಗದ ಹೆಡ್ಡು. ಅಲ್ವೇನಯ್ಯಾ? ಥೇಟ್ ಅವರದೇ ನಡಿಗೆ. ಎಲ್ಲಿ ಹೋದ್ರೂ ಮುಟ್ಟೋದು, ಎಲ್ಲಿ ಹೋದ್ರೂ ಮುಟ್ಟೋದು."

ನಾನು ಆಗ ಹೇಳಿದ ಮಾತಿಗೆ ನನ್ನ ಬುದ್ಧಿ ಕಾರಣವಲ್ಲ, ಅಕ್ಕನ ಮನೆದೇವರು. "ಹೆಸರು ಹೇಳೋ ಹಾಗಿಲ್ಲ ಸಾರ್. ಭಂಡಾರದ ನಿಯಮ."

"ಹೇಳ್ಬೇಡ, ಹೇಳ್ಬೇಡ. ಒಳ್ಳೆ ನಿಯಮ," ಎಂದು ಅವರು ಮತ್ತೊಮ್ಮೆ ನಕ್ಕು, ಇಂಥ ವಿಡಿಯೋ ಎಲ್ಲ ಘಟಕಗಳಲ್ಲೂ ಆಗಬೇಕು ಎಂದರು. ನನ್ನ ಎದೆಯಿಂದ ಒಂದು ಲಾರಿ ಮರಳು ಇಳಿಸಿದಂತಾಯಿತು. ಎದ್ದು ನಿಂತು ಎಲ್ಲರನ್ನೂ ಅಪ್ಪಿಕೊಳ್ಳಬೇಕು ಅನ್ನಿಸಿತು, ಪರ್ಚೇಸ್ ವಿಭಾಗದ ಆ ಅಮಾಯಕರನ್ನು ಎಲ್ಲರಿಗಿಂತ ಮೊದಲು.

ಅಲ್ಲಿಂದ ಸವಾರಿ ಎಂದಿನಂತೆ ಜಾನಕಿ ಅಕ್ಕನ ಮೇಜಿಗೆ ಹೋಯಿತು. ಆಗಷ್ಟೇ ಬಳಿದ ಸೀಲೆಂಟ್ ಮಿರಮಿರ ಮಿಂಚುತ್ತಿತ್ತು. ದೊಡ್ಡ ಸಾಹೇಬರು ಪ್ಯಾಂಟು ಮೇಲೆಳೆದರು. ಕೈ ಹಿಂದೆ ಹೋಯಿತು, ತಲೆ ವಾಲಿತು. 'ಹ್ಞೂಂ' ಎಂದರು. ಬೆರಳು ಹೊರಬಂತು. ನಾವೆಲ್ಲ ಉಸಿರು ಹಿಡಿದು ನಿಂತಿರುವಾಗ ಜಾನಕಿ ಅಕ್ಕ ಕೈಗವಸು ಸರಿಮಾಡಿಕೊಳ್ಳುತ್ತಾ, ಯಾರಿಗೋ ಎಂಬಂತೆ ಹೇಳಿದಳು: "ಪರ್ಚೇಸಿನವ್ರು ಮುಟ್ಟುದು ಸಹ ಹೀಗೇ ಅಲ್ವಾ ಸಾರ್?"

ಬೆರಳು ಗಾಳಿಯಲ್ಲೇ ನಿಂತಿತು. ದೊಡ್ಡ ಸಾಹೇಬರು ಅದನ್ನು ಬೇರೆ ಯಾರದೋ ಬೆರಳೆಂಬಂತೆ ನೋಡಿದರು. "ಅದೇ, ಅದನ್ನೇ ತೋರಿಸ್ತಾ ಇದ್ದೆ," ಎಂದರು. "ಹೀಗೆ ಮುಟ್ಟಬಾರದು." ಎತ್ತಿದ ಬೆರಳಿಗೆ ಏನಾದರೂ ಒಂದು ಕೆಲಸ ಕೊಡಬೇಕಲ್ಲ, ಅದು ಮೆಲ್ಲನೆ ಪಕ್ಕಕ್ಕೆ ಸರಿದು ಮಾದರಿ ತುಂಡನ್ನು ಮುಟ್ಟಿತು. "ಇನ್ನೊಂದು ಸ್ವಲ್ಪ ಆರಬೇಕು," ಎಂದು ತೀರ್ಪು ಕೊಟ್ಟು ಅವರು ಕಾರು ಹತ್ತಿದರು. ಆ ದಿನ ಜಾನಕಿ ಅಕ್ಕ ಏನನ್ನೂ ಕೆರೆಯಲಿಲ್ಲ. ತಿಂಗಳು ಕಳೆಯುವುದರೊಳಗೆ ನಾನು ಕಾಯಂ ಆದೆ. ಅವ್ವ ಬೀದಿಗೆಲ್ಲ ಕಜ್ಜಾಯ ಹಂಚಿದಳು. ಮಠದ ಸಂಶಯವಿದ್ದ ಅಜ್ಜಿಗೆ ಎರಡು ಹೆಚ್ಚು.

ಕಾಯಂ ಆದವನಿಗೆ ಕೊಂಬು ಮೂಡುವುದು ಸಹಜ. ಮನುಷ್ಯ ತನ್ನನ್ನು ತಾನು ಗುರುತಿಸಲಾರ ಎಂಬ ತತ್ವವನ್ನು ನಾನು ಚಹಾದ ಹೊತ್ತಿನಲ್ಲೆಲ್ಲ ಬೋಧಿಸತೊಡಗಿದೆ. ಶಾಜಿಯ ಹಾಡು, ಸಾಹೇಬರ ಬೆರಳು ಎಂದು ಉದಾಹರಣೆ ಸಮೇತ. ಮೊನ್ನೆ ಹಾಗೆಯೇ ಬೋಧಿಸುತ್ತಿರುವಾಗ ಜಾನಕಿ ಅಕ್ಕ, "ನಾನೂ ಒಂದು ವಿಡಿಯೋ ಮಾಡಿದ್ದೇನೆ ಮಾರಾಯ, ಭಂಡಾರಕ್ಕೆ ಆಗ್ತದಾ ನೋಡು" ಎಂದು ಫೋನು ಕೊಟ್ಟಳು. ಅದರಲ್ಲಿ ಅವಳೇ ಯಾರನ್ನೋ ಅಭಿನಯಿಸಿದ್ದಳು. ಒಬ್ಬ ವಾಚಾಳಿ ಮೇಜಿನಿಂದ ಮೇಜಿಗೆ ಹೋಗಿ ಎಲ್ಲರ ಕೆಲಸ ಕೆಡಿಸುತ್ತಾನೆ, ಹಲಗೆಯಿಂದ ಆ ಪುಟ್ಟ ಕನ್ನಡಿ ಎತ್ತಿಕೊಂಡು ಮೈಕಿನಂತೆ ಬಾಯಿಗೆ ಹಿಡಿದು ಭಾಷಣ ಮಾಡುತ್ತಾನೆ, ಮಾತಿನ ಭರದಲ್ಲಿ ಅದನ್ನು ಹಿಂದಿನ ಜೇಬಿಗಿಳಿಸುತ್ತಾನೆ. ಆಮೇಲೆ ಖಾಲಿ ಗೂಡು ಕಂಡು, ಸೊಂಟದ ಮೇಲೆ ಕೈಯಿಟ್ಟು, 'ಕನ್ನಡಿ ಯಾರ್ರೀ ತಗೊಂಡಿದ್ದು? ಶಿಸ್ತು ಬೇಡ್ವಾ?' ಎಂದು ಊರೆಲ್ಲ ಎಬ್ಬಿಸುತ್ತಾನೆ. ನನಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬಂತು, ಮೇಜು ತಟ್ಟಿ ನಕ್ಕೆ.

"ಯಾರಕ್ಕಾ ಈ ಪೆದ್ದ?" ಎಂದೆ. "ಎರಡನೇ ಪಾಳಿಯವನಾ?"

ಯಾರೂ ನಗಲಿಲ್ಲ. ಪೂವಯ್ಯ ಸಾರ್ ಮತ್ತೆ ಫ್ಯಾನಿನ ರೆಕ್ಕೆ ಎಣಿಸತೊಡಗಿದ್ದರು. ಶಾಜಿ ದೇವರನ್ನು ಕರೆಯುತ್ತಿದ್ದ.

"ಹೆಸರು ಹೇಳುವ ಹಾಗಿಲ್ಲ ಮಾರಾಯ," ಎಂದಳು ಜಾನಕಿ ಅಕ್ಕ. "ಭಂಡಾರದ ನಿಯಮ."

ನನ್ನ ಕೈ ತಾನಾಗಿ ಪ್ಯಾಂಟಿನ ಹಿಂದಿನ ಜೇಬಿಗೆ ಹೋಯಿತು. ಉದ್ದನೆಯದೇನೋ ಸಿಕ್ಕಿತು. ಮೆಲ್ಲನೆ ಹೊರತೆಗೆದು ನೋಡಿದೆ. ಪುಟ್ಟ ಕನ್ನಡಿಯಲ್ಲಿ ಒಂದು ಮುಖ, ಬಾಯಿ ಇನ್ನೂ ತೆರೆದೇ ಇತ್ತು. ಎಲ್ಲೋ ನೋಡಿದ ಹಾಗಿತ್ತು.