ನಮ್ಮ ಬಾಗಿಲಿಗೆ ಕಾರು ಕಟ್ಟಿಹೋದ ಉಚ್ಚಂಗೆಪ್ಪನವರಿಗೆ

ಕೊಟ್ಟೂರು
ಕಾರ್ತಿಕ ಮಾಸ, ೧೯೯೮

ಮಾನ್ಯರೇ,

ಹಲವಾಗಲಿನ ಹಿರಿಯ ರೈತರೂ, ಎತ್ತಿನ ಸುಳಿ ನೋಡುವುದರಲ್ಲಿ ಹೊಳೆಯ ಎರಡೂ ದಂಡೆಗೆ ಹೆಸರಾದವರೂ, ಸದ್ಯ ನನ್ನ ಹಳೆಯ ಕಾರಿನ ಹೊಸ ಮಾಲೀಕರೂ ಆದ ತಮಗೆ ಕೊಟ್ಟೂರು ಬಜಾರಿನ ಬಟ್ಟೆ ವ್ಯಾಪಾರಿ ಗುರುಸಂಗಪ್ಪನ ಶರಣು ಶರಣಾರ್ಥಿಗಳು. ತಮ್ಮ ಮನೆಯವರು, ದನಕರು, ಟ್ರ್ಯಾಕ್ಟರು ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ಕಾರಿನ ಕ್ಷೇಮ ಕೇಳುವ ಅಗತ್ಯವಿಲ್ಲ, ಅದು ನಮ್ಮ ಬಾಗಿಲಲ್ಲೇ ಇದೆ. ಸಂತೆಯಲ್ಲಿ ಕೊಂಡ ಎತ್ತು ನೊಗಕ್ಕೆ ಮಲಗಿದರೆ ಅದನ್ನು ಮಾರಿದವನ ಬಾಗಿಲಿಗೇ ಕಟ್ಟಿ ಬರುವುದು ತಮ್ಮ ಪದ್ಧತಿಯೆಂದು ಕೇಳಿದ್ದೆ. ಆದರೆ ಕಾರನ್ನು ಟ್ರ್ಯಾಕ್ಟರಿಗೆ ಬಿಗಿದು ಹಲವಾಗಲಿನಿಂದ ಇಲ್ಲಿಯವರೆಗೆ ಎಳೆತಂದು, ಮುಂದಿನ ಬಂಪರಿಗೆ ಹಗ್ಗ ಹಾಕಿ, ನಮ್ಮ ಕಟ್ಟೆಯ ಕಲ್ಲುಕಂಬಕ್ಕೆ ಎರಡು ಗಂಟು ಹೊಡೆದು ಹೋದ ತಮ್ಮ ಶ್ರದ್ಧೆಯನ್ನು ಕಣ್ಣಾರೆ ಕಂಡದ್ದು ಇದೇ ಮೊದಲು. ಕಾರು ಮಾರಿದವರು ನಾಡಿನಲ್ಲಿ ಬೇಕಾದಷ್ಟು ಜನ ಇದ್ದಾರು. ಮಾರಿದ ಕಾರು ಹಗ್ಗದ ಸಮೇತ ತವರಿಗೆ ಬಂದ ಭಾಗ್ಯ ನನ್ನೊಬ್ಬನದೇ ಇರಬೇಕು.

ವ್ಯಾಪಾರದ ದಿನವನ್ನು ನಾನು ಮರೆಯಲಾರೆ. ದನದ ದಲ್ಲಾಳಿ ನಾಗೇಂದ್ರಪ್ಪನವರನ್ನು ಜೊತೆಗೆ ಕರೆದುಕೊಂಡು ಬಂದು, ಕಾರಿನ ಸುತ್ತ ಎಡದಿಂದೊಮ್ಮೆ ಬಲದಿಂದೊಮ್ಮೆ ತಿರುಗಿ, ಬಾನೆಟ್ಟನ್ನು ತಟ್ಟಿ, ಹಿಂದೆ ನಿಂತು ನಡಿಗೆ ನೋಡಿ, ಕೊನೆಗೆ ದನದ ಸಂತೆಯಲ್ಲಿ ಮಾಡುವ ಹಾಗೆ ನನ್ನ ಕೈಯನ್ನು ಟವೆಲಿನ ಕೆಳಗೆ ಎಳೆದುಕೊಂಡು ಬೆರಳು ಹಿಡಿದು ದರ ಕೇಳಿದಿರಿ. ಅಂಗಡಿಯಲ್ಲಿ 'ಒಂದೇ ದರ' ಎಂಬ ಬೋರ್ಡು ಹಾಕಿಕೊಂಡು ತಲೆ ಹಣ್ಣಾದ ನಾನು ತಮ್ಮ ಗೌರವಕ್ಕಾಗಿ ಬೆರಳು ಕೊಟ್ಟೆ. ಕಿರುಬೆರಳು ಇನ್ನೂ ನೋಯುತ್ತಿದೆ, ಅದು ದೂರಲ್ಲ, ನೆನಪು. ಆಗಲೇ ನಾನು ಬಾಯಿಬಿಟ್ಟು ಹೇಳಿದ್ದೆ: ಸೆಲ್ಫ್ ಸ್ಟಾರ್ಟರು ಸ್ವಲ್ಪ ಸೋಮಾರಿ, ಬೆಳಗಿನ ಚಳಿಗೆ ಮಾತು ಕೇಳುವುದಿಲ್ಲ, ಮುಂದಿನ ತೂತಿಗೆ ಹ್ಯಾಂಡಲ್ ಹಾಕಿ ಒಂದು ಸುತ್ತು ತಿರುವಿದರೆ ಏಳುತ್ತದೆ, ಹ್ಯಾಂಡಲ್ಲು ಡಿಕ್ಕಿಯಲ್ಲಿ ಗೋಣಿತಟ್ಟಿನಲ್ಲಿ ಸುತ್ತಿಟ್ಟಿದೆ. ತಾವು ನಕ್ಕು, "ಅಯ್ಯ, ಚಳಿಗಾಲದಾಗ ಎತ್ತಿಗೂ ಬಾಲ ತಿರುವಬೇಕಾಗ್ತತಿ, ಬಿಡ್ರಿ ಸಾವ್ಕಾರ್ರೆ" ಅಂದಿರಿ.

ಆಮೇಲೆ ತಮ್ಮ ಫೋನುಗಳು ಬರತೊಡಗಿದವು. ಹಾರನ್ನಿನ ಸದ್ದು ಮೆದುವಾಗಿರುವುದರಿಂದ ಹಲವಾಗಲಿನ ಎಮ್ಮೆಗಳು ಮರ್ಯಾದೆ ಕೊಡುತ್ತಿಲ್ಲವೆಂದಿರಿ. ಎಮ್ಮೆಗಳ ಪರವಾಗಿ ನಾನು ಕ್ಷಮೆ ಕೇಳಿದೆ. ನಿಂತಲ್ಲೇ ಪೆಟ್ರೋಲು ಕುಡಿಯುತ್ತದೆ ಎಂದಿರಿ. ಮೇಯಿಸದೆ ಕಟ್ಟಿದ ಜೀವ ಇನ್ನೇನು ಮಾಡೀತು ಎಂದೆ. "ಸೀದಾ ಹೋಗೋ ಗಾಡಿ ಹರಪನಹಳ್ಳಿ ಸರ್ಕಲ್ ಬಂದ್ರ ನಿಮ್ಮೂರ ಕಡಿಗೇ ಎಳಿತತಿ" ಎಂದು ದೂರಿದಾಗ ಮಾತ್ರ, ಸ್ಟೇರಿಂಗಿನ ದೋಷವೆಂದು ತಿಳಿದೂ, ನನಗೆ ಒಳಗೊಳಗೇ ಹೆಮ್ಮೆಯಾಯಿತು. ಕಡೆಗೆ ಬಂತು ದೊಡ್ಡ ದೂರು. ಚಳಿ ಬಿತ್ತು, ಕಾರು ಏಳಲಿಲ್ಲ, ಡಿಕ್ಕಿ ತೆಗೆದರೆ ಗೋಣಿತಟ್ಟು ಇದೆ, ಹ್ಯಾಂಡಲ್ಲಿಲ್ಲ.

ಇಲ್ಲಿಂದ ಮುಂದಿನದನ್ನು ತಾವು ನಾಲ್ಕು ಊರಿಗೆ ಕೇಳುವಂತೆ ನಡೆಸಿದಿರಿ. ತಮ್ಮ ತಮ್ಮನ ಮಗನ ಮದುವೆಯ ಮೆರವಣಿಗೆಯಲ್ಲಿ ಹೂವಿನ ಹಾರ ಹಾಕಿಕೊಂಡು ಹೋದಾಗ ಅದು ಉಚ್ಚಂಗೆಪ್ಪನವರ ಕಾರಾಗಿತ್ತು. ಟ್ರ್ಯಾಕ್ಟರಿನ ಹಿಂದೆ ಬರುವಾಗ ದಾರಿಯಲ್ಲಿ ಯಾರು ಕೇಳಿದರೂ "ಕೊಟ್ಟೂರು ಗುರುಸಂಗಪ್ಪಂದು" ಎಂದು ಹೇಳುವಷ್ಟು ಔದಾರ್ಯ ತೋರಿದಿರಿ. ನಮ್ಮ ಬಜಾರಿಗೆ ಬಂದು, ಟ್ರ್ಯಾಕ್ಟರಿನ ಮೇಲೆ ನಿಂತೇ, "ಹ್ಯಾಂಡ್ಲು ಐತಿ ಅಂತ ಬಾಯಾಗ ಹೇಳ್ಯಾರ, ಕೈಯಾಗ ಕೊಟ್ಟಿಲ್ಲ" ಎಂದು ಸಾರಿದಿರಿ. ಸೀರೆಯ ಬಣ್ಣ ಹೋಗುವುದಿಲ್ಲವೆಂದು ಕೂಡ ಎಂದೂ ಆಣೆ ಇಡದ ನಾನು, ಅಷ್ಟು ಜನರ ಎದುರು ಗುಡಿಯ ಕಡೆ ತಿರುಗಿ, ಹ್ಯಾಂಡಲ್ಲನ್ನು ನನ್ನ ಕೈಯಾರೆ ಡಿಕ್ಕಿಯಲ್ಲಿ ಇಟ್ಟಿದ್ದೇನೆಂದು ಕೊಟ್ರೇಶನ ಆಣೆ ಇಟ್ಟೆ.

ಆಣೆ ಇಟ್ಟಿದ್ದೇ ತಪ್ಪಾಯಿತು. ಸುಮ್ಮನೆ ಹೇಳಿದರೆ ನಂಬುತ್ತಿದ್ದ ಜನ, ಗುರುಸಂಗಪ್ಪ ಆಣೆ ಇಡುವ ಮಟ್ಟಕ್ಕೆ ಬಂದನೇ ಎಂದು ಯೋಚಿಸತೊಡಗಿದರು. ನಾನು ಅಳೆದು ಕೊಟ್ಟ ಬಟ್ಟೆಯನ್ನು ಅಂಗಡಿಯ ಮೆಟ್ಟಿಲ ಮೇಲೇ ಮೊಳ ಹಾಕಿ ನೋಡುತ್ತಾರೆ. ಮದುವೆಯಾಗಿ ಬಂದಾಗಿನಿಂದ ನಮ್ಮಲ್ಲೇ ಸೀರೆ ತೆಗೆದುಕೊಳ್ಳುವ ಕೊಟ್ರಬಸಮ್ಮನವರು ಮೊನ್ನೆ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ, ಬಣ್ಣ ಬಿಡುತ್ತದೆಯೇ ಎಂದು ಸೀರೆಯ ಅಂಚನ್ನು ಉಜ್ಜಿ ನೋಡಿದರು. ಅವಮಾನ ಮಾಡಬೇಕೆಂದು ಅವರು ಮಾಡಿದ್ದಲ್ಲ. ಆದರೂ ಅವರು ಹೋದ ಮೇಲೆ ನಾನೂ ಒಂದು ಅಂಚನ್ನು ಹಾಗೆಯೇ ಉಜ್ಜಿ ನೋಡಿದೆ. ಉಚ್ಚಂಗೆಪ್ಪನವರೇ, ಉಳಿದದ್ದೆಲ್ಲ ನಗೆಯ ಮಾತು. ಇದೊಂದರಿಂದ ನನಗೆ ನಿಜವಾಗಿ ನೋವಾಗಿದೆ. ನನ್ನ ಅಂಗಡಿಯಲ್ಲಿ ಬಟ್ಟೆಗಿಂತ ಮೊದಲು ಇದ್ದದ್ದು ನನ್ನ ಮಾತು.

ಆದ್ದರಿಂದ ತಮ್ಮಲ್ಲಿ ವಿನಮ್ರ ಬಿನ್ನಹಗಳಿವೆ. ಬರುವ ಸೋಮವಾರ ತಾವು ಅದೇ ಟ್ರ್ಯಾಕ್ಟರಿನ ಮೇಲೆ ಅದೇ ಬಜಾರಿನಲ್ಲಿ ನಿಂತು, ಅದೇ ದನಿಯಲ್ಲಿ, ಗುರುಸಂಗಪ್ಪ ಸುಳ್ಳುಗಾರನಲ್ಲ ಎಂದು ಸಾರತಕ್ಕದ್ದು. ಅಲ್ಲಿಯವರೆಗೆ ನಮ್ಮ ಬಾಗಿಲಲ್ಲಿರುವ ಪ್ರಾಣಿಗೆ ಎರಡು ಹೊರೆ ಜೋಳದ ಸೊಪ್ಪೆ ಕಳಿಸತಕ್ಕದ್ದು, ಹಾಗೆಯೇ ತಾವು ನಂಬುವ ದನದ ಡಾಕ್ಟರರನ್ನು ಕರೆತಂದು ಅದರ ಹೊಟ್ಟೆ ಮುಟ್ಟಿ ನೋಡಿಸತಕ್ಕದ್ದು. ಹೋದ ವರ್ಷ ತಮ್ಮ ಹರಪನಹಳ್ಳಿ ತಾಲ್ಲೂಕು ದಾವಣಗೆರೆ ಜಿಲ್ಲೆಗೆ ಸೇರಿ ನಾವು ಬಳ್ಳಾರಿಯಲ್ಲೇ ಉಳಿದಿರುವುದರಿಂದ, ಕಾರು ತಾನಾಗಿ ನಮ್ಮೂರ ಕಡೆ ಎಳೆಯುವ ವಿಷಯವನ್ನು ಇಬ್ಬರು ಜಿಲ್ಲಾಧಿಕಾರಿಗಳು ಗಡಿಯಲ್ಲಿ ಕುಳಿತು ತೀರ್ಮಾನಿಸುವಂತೆ ಏರ್ಪಾಟು ಮಾಡತಕ್ಕದ್ದು.

ಇಷ್ಟು ಬರೆದು, ನಾಲ್ಕು ಜನ ಓದಲೆಂದು ವಾರಪತ್ರಿಕೆಗೆ ಕಳಿಸುವ ಮೊದಲು, ನಮ್ಮ ತಾಯಿ ನಾಗಲಿಂಗಮ್ಮನವರಿಗೆ ಓದಿ ಹೇಳಿದೆ. ಕಾರ್ತಿಕದ ದೀಪಕ್ಕೆ ಬತ್ತಿ ಹೊಸೆಯುತ್ತ ಕೂತಿದ್ದ ಅವ್ವ, ಹ್ಯಾಂಡಲ್ಲಿನ ಮಾತು ಬಂದಾಗ ತಲೆ ಎತ್ತಿದಳು. "ಹ್ಯಾಂಡ್ಲು ಅವ್ರಿಗ್ಯಾಕ ಕೊಡಬೇಕು? ಎತ್ತು ಮಾರಿದ್ರ ಹಗ್ಗ ಕೊಡತಾರೇನು? ಹಗ್ಗ ಹೋದ್ರ ಮನಿ ಲಕ್ಷ್ಮಿನೂ ಬೆನ್ನಹಿಂದ ಹೋಗ್ತಾಳ. ಗಾಡಿ ಹೋಗೂ ಮೊದ್ಲ ನಾನ ತಗದಿಟ್ಟೀನಿ." ಒಳಗೆ ಹೋಗಿ ನೋಡಿದರೆ, ಅಪ್ಪನ ಕಾಲದಲ್ಲಿ ಮಾರಿದ ಎತ್ತುಗಳ ಹಗ್ಗ ತೂಗುವ ಗೂಟಕ್ಕೆ ಹ್ಯಾಂಡಲ್ಲು ಅರಿಶಿನ ಕುಂಕುಮ ಹಚ್ಚಿಸಿಕೊಂಡು ತೂಗುತ್ತಿತ್ತು. ಪ್ರತಿ ಶುಕ್ರವಾರ ಅದಕ್ಕೆ ಊದಿನಕಡ್ಡಿ ಬೆಳಗುವ ವಾಸನೆ ನನಗೆ ಬಂದಿದೆ, ತಿಳಿದಿರಲಿಲ್ಲ ಅಷ್ಟೆ.

ಹಾಗಾಗಿ ನನ್ನ ಆಣೆಯೂ ನಿಜ, ತಮ್ಮ ದೂರೂ ನಿಜ. ಇಷ್ಟು ಅನಾನುಕೂಲವಾದ ಸತ್ಯವನ್ನು ನಾನು ವ್ಯಾಪಾರದಲ್ಲಿ ಕಂಡಿಲ್ಲ. ಪತ್ರವನ್ನು ಹರಿದು ಹಾಕಬಹುದಿತ್ತು. ಆದರೆ ಇಡೀ ಬಜಾರಿನ ಎದುರು ಆಣೆ ಇಟ್ಟವನು ಒಳಮನೆಯಲ್ಲಿ ಬಾಯಿ ಮುಚ್ಚಿಕೊಂಡರೆ ಕೊಟ್ರಬಸಮ್ಮನವರ ಹೆಬ್ಬೆರಳಿಗೆ ನಾನೇ ಅರ್ಥ ಕೊಟ್ಟಂತಾಗುತ್ತದೆ. ತಾವು ಸೋಮವಾರ ಟ್ರ್ಯಾಕ್ಟರು ಹತ್ತುವುದು ಬೇಡ. ನಮ್ಮ ಅಂಗಡಿಯ ಕಟ್ಟೆ ಹತ್ತಿ, ಹ್ಯಾಂಡಲ್ಲು ನಮ್ಮ ಮನೆಯಲ್ಲೇ ಇತ್ತೆಂದು ನಾನೇ ಹೇಳುತ್ತೇನೆ, ಆಣೆ ಇಡದೆ. ತಾವು ಬಂದು ಕೇಳಿಸಿಕೊಂಡು, ಕಾರನ್ನು ಹೊಡೆದುಕೊಂಡು ಹೋಗುವ ಕೃಪೆ ಮಾಡಬೇಕು.

ತಾವು ನಂಬಿದರೂ ನಂಬದಿದ್ದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದ,
ಗುರುಸಂಗಪ್ಪ

ತಾ.ಕ.: ಹ್ಯಾಂಡಲ್ಲನ್ನು ಕೊಡಲು ಅವ್ವ ಒಪ್ಪಿಲ್ಲ. ಟವೆಲ್ ಹಾಕಿ ಎತ್ತಿನ ಹಾಗೆ ಕೊಂಡವರು, ಎತ್ತಿಗೆ ಮಾಡುವ ಹಾಗೆ ತಮ್ಮ ಹಗ್ಗ ತಾವೇ ಯಾಕೆ ತರಲಿಲ್ಲ ಎಂದು ಕೇಳುತ್ತಾಳೆ. ಅಲ್ಲದೆ, ಕಾರನ್ನು ಹಿಂದಕ್ಕೆ ಒಪ್ಪಿಸಿ ಹೋಗುವಾಗ ತಾವು ತಮ್ಮ ಮನೆಯ ಹಗ್ಗವನ್ನು ಬಿಚ್ಚಿಕೊಂಡು ಹೋಗಲು ಮರೆತಿರಿ. ಅವ್ವ ಅವತ್ತೇ ಅದನ್ನು ಕಂಬದಿಂದ ಬಿಚ್ಚಿ, ಅರಿಶಿನ ಕುಂಕುಮ ಹಚ್ಚಿ, ಗೂಟಕ್ಕೆ ಹಾಕಿದ್ದಾಳೆ. ತಮ್ಮ ಮನೆಯ ಲಕ್ಷ್ಮಿ ಸದ್ಯ ನಮ್ಮ ಮನೆಯಲ್ಲಿದ್ದಾಳೆ, ಕ್ಷೇಮವಾಗಿದ್ದಾಳೆ. ಕರೆದುಕೊಂಡು ಹೋಗಲು ಬರುವಾಗ ಒಂದು ಹ್ಯಾಂಡಲ್ಲು ಕೊಂಡು ತನ್ನಿ.