ಮೂರನೇ ಮಹಡಿಯ ತುತ್ತೂರಿ

ಜುರಾಬ್‌ನ ಬರವಣಿಗೆಯಲ್ಲಿ ಜೀವವಿಲ್ಲ ಎಂದು ಸ್ಪ್ಯಾನಿಷ್ ಪಾಠದ ಮೇಡಂ ಹೇಳಿದ್ದೇ ಎಲ್ಲ ರಾದ್ಧಾಂತಕ್ಕೂ ಕಾರಣ. "ಇದೇನ್ರೀ ದೂರುಪತ್ರ? ಓದಿದ್ರೆ ಮದುವೆ ಕರೆಯೋಲೆ ಇದ್ದಂಗಿದೆ. ಸ್ವಲ್ಪ ಉರೀರಿ!" ಎಂದಿದ್ದರು.

ಜುರಾಬ್ ಜಾರ್ಜಿಯಾದವನು. ಸ್ಪೇನಿನ ಸಾಲಮಾಂಕಾ ಊರಿನ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ. ಎರಡು ದಿನ ಕಳೆದರೆ ಅವನಿಗೆ ಭಾಷಾ ಪರೀಕ್ಷೆ. ಮಾತಿನಲ್ಲಿ ಪಾಸಾಗಿ ಬರವಣಿಗೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ. ಈ ಸಲ ದಾಟಿದರೆ ಅದೇ ಹೋಟೆಲಿನ ಮುಂಬಾಗಿಲಲ್ಲಿ ಕೋಟು ಹಾಕಿಕೊಂಡು ಅತಿಥಿಗಳನ್ನು ಬರಮಾಡಿಕೊಳ್ಳುವ ಕೆಲಸ. ಇಲ್ಲವಾದರೆ ಜಿಡ್ಡು ಬಾಣಲೆಗಳೇ ಗತಿ.

ಹಾಗಾಗಿ ಮರುದಿನ ಬೆಳಿಗ್ಗೆ ಎದ್ದವನೇ ಅಡುಗೆಮನೆಯಲ್ಲಿ ಕೂತು, ಹಲ್ಲು ಕಚ್ಚಿಕೊಂಡು ಒಂದು ದೂರು ಬರೆದ. ಕಟ್ಟಡದ ಅಧ್ಯಕ್ಷರೇ, ಮೂರನೇ ಮಹಡಿಯಲ್ಲಿ ಯಾರೋ ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಸರಿಯಾಗಿ ತುತ್ತೂರಿ ಊದುತ್ತಾರೆ, ನನ್ನ ಬದುಕು ನರಕವಾಗಿದೆ ಎಂದು. ತುತ್ತೂರಿಯೂ ಸುಳ್ಳು, ನರಕವೂ ಸುಳ್ಳು. ಹಿಂದಿನ ದಿನದ ಪಾಠದಲ್ಲಿ ತುತ್ತೂರಿ ಎಂಬ ಪದ ಬಂದಿತ್ತು, ಅಷ್ಟೇ. ಹಾಳೆಯನ್ನು ಅಲ್ಲೇ ಬಿಟ್ಟು ಕೆಲಸಕ್ಕೆ ಓಡಿದ.

ಮಧ್ಯಾಹ್ನ ಬಂದು ನೋಡಿದರೆ ಕೆಳಗೆ ಲಿಫ್ಟಿನ ಪಕ್ಕ ಜನ ಸೇರಿದ್ದರು. ಗೋಡೆಯ ಮೇಲೆ ಅವನದೇ ಅಕ್ಷರ!

"ಬಂದ್ಯಾ ಮಗಾ?" ಅವನು ಕೋಣೆ ಬಾಡಿಗೆ ಹಿಡಿದಿದ್ದ ಎರಡನೇ ಮಹಡಿಯ ಮನೆಯೊಡತಿ ದೋನ್ಯ ಕಸಿಲ್ದಾ ಅವನ ಕೆನ್ನೆ ಹಿಂಡಿದಳು. "ಇಷ್ಟೆಲ್ಲ ಒಬ್ನೇ ಸಹಿಸ್ಕೊಂಡಿದ್ಯಲ್ಲೋ! ಮೇಜಿನ ಮೇಲೆ ನೋಡ್ದೆ, ಕರುಳು ಚುರುಕ್ ಅಂತು. ನಾನೇ ತಂದು ಅಂಟಿಸ್ದೆ."

"ಅಮ್ಮಾ, ಅದು ಹೋಂವರ್ಕು!"

"ನಿಂಗೊಬ್ನಿಗೇನಾ ಸಂಕಟ?" ಮೊದಲ ಮಹಡಿಯ ಬೆನಿಗ್ನಾ ಅಡ್ಡ ಬಂದಳು. "ನಾನು ಕಣ್ಣು ಮುಚ್ಚಿ ವರ್ಷಗಳಾಯ್ತು. ಆ ತುತ್ತೂರಿಗೆ ಬೀರುವಿನಲ್ಲಿರೋ ಗ್ಲಾಸೆಲ್ಲ ನಡುಗುತ್ವೆ."

"ಗ್ಲಾಸಂತೆ! ನನ್ನ ಬಿಪಿ ಏರಿದ್ದೇ ಅದ್ರಿಂದ," ಎಂದರು ಅಧ್ಯಕ್ಷ ನಿಕಾನೋರ್.

"ನಾನಂತೂ ಕಿವಿಗೆ ಹತ್ತಿ ಇಟ್ಕೊಂಡೇ ಮಲಗೋದು," ಎಂದಳು ಕಸಿಲ್ದಾ. ಅವಳ ಗೊರಕೆಗೆ ದಿನಾ ತಾನೇ ಹತ್ತಿ ಇಟ್ಟುಕೊಳ್ಳುತ್ತಿದ್ದ ಜುರಾಬ್ ಬಾಯಿ ಬಿಟ್ಟು ನೋಡಿದ. ಆ ಕಟ್ಟಡದಲ್ಲಿ ಪಕ್ಕದವರ ಕಷ್ಟ ತಮ್ಮ ಕಷ್ಟಕ್ಕಿಂತ ದೊಡ್ಡದಾಗಲು ಯಾರೂ ಬಿಡುತ್ತಿರಲಿಲ್ಲ.

ಸಾಲದ್ದಕ್ಕೆ ಬೆನಿಗ್ನಾ ಅವನ ಪತ್ರದಲ್ಲೊಂದು ಅಲ್ಪವಿರಾಮ ಸೇರಿಸಿದ್ದಳು. ನಿಕಾನೋರ್ ಅದನ್ನು ಹೊಡೆದು ಹಾಕಿದ್ದರು. ಇಬ್ಬರೂ ಅದಕ್ಕೇ ಜಗಳಕ್ಕೆ ನಿಂತರು. ನಾಳೆ ಅದನ್ನು ಹಾಕಬೇಕೋ ಬೇಡವೋ ಎಂಬ ಹೊಸ ಚಿಂತೆ ಜುರಾಬ್‌ಗೆ ಹತ್ತಿಕೊಂಡಿತು.

ಮೂರನೇ ಮಹಡಿಯಲ್ಲಿ ಇದ್ದವರು ದೋನ್ ಮಾಕ್ಸಿಮೊ ಒಬ್ಬರೇ. ಬಾಗಿಲು ಮುಚ್ಚಿದರೆ ಬಾಗಿಲಿಗೆ ನೋವಾದೀತೆಂದು ಹೆದರುವ ನಿವೃತ್ತ ಮನುಷ್ಯ. ಜುರಾಬ್ ಬಂದ ಮೊದಲ ದಿನ ಲಿಫ್ಟು ಕೆಟ್ಟಿದ್ದಾಗ ಅವನ ಪೆಟ್ಟಿಗೆ ಹೊತ್ತವರು ಅವರೇ. ಈಗ ಅವರ ಮೇಲೆ ಸಂಜೆ ತುರ್ತು ಸಭೆ!

ಜುರಾಬ್ ನಿಕಾನೋರರ ಹಿಂದೆ ಹಿಂದೆ ಹೋದ. "ಸಾರ್, ಅದೆಲ್ಲ ಕಟ್ಟುಕತೆ."

"ಹೆದರ್ಬೇಡ ಕಣೋ. ನಾವೆಲ್ಲ ನಿನ್ ಬೆನ್ನಿಗಿದೀವಿ."

ಅವನಿಗೆ ಊಟ ಸೇರಲಿಲ್ಲ. ಓದಲು ತೆಗೆದ ಪುಸ್ತಕದಲ್ಲಿ ಮಾಕ್ಸಿಮೊರ ಮುಖವೇ ಕಾಣುತ್ತಿತ್ತು.

ಸಂಜೆ ಎಲ್ಲರೂ ತಂತಮ್ಮ ಕುರ್ಚಿ ತಂದು ಲಿಫ್ಟಿನ ಮುಂದೆ ಕೂತರು. ಮಾಕ್ಸಿಮೊ ಬಿಳಿಚಿಕೊಂಡು ಇಳಿದು ಬಂದರು. ಜುರಾಬ್‌ಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ತುತ್ತೂರಿ ಇಲ್ಲವೇ ಇಲ್ಲ! ಪರೀಕ್ಷೆಗೆ ಅಂತ ನಾನೇ ಹುಟ್ಟಿಸಿದ ಸುಳ್ಳು!" ಎಂದು ಕಿರುಚಿದ.

"ನನ್ನ ಉಳಿಸೋಕೆ ಸುಳ್ಳು ಹೇಳ್ಬೇಡಪ್ಪಾ," ಎಂದು ಮಾಕ್ಸಿಮೊ ಗಳಗಳ ಅತ್ತುಬಿಟ್ಟರು. "ಊದ್ತೀನಿ. ಬಟ್ಟೆ ಬೀರುವಿನೊಳಗೆ ಕೂತು, ತುತ್ತೂರಿ ಬಾಯಿಗೆ ಒದ್ದೆ ಟವಲ್ ತುರುಕಿ ಊದ್ತೀನಿ. ಯಾರಿಗೂ ಕೇಳ್ಸಲ್ಲ ಅಂದ್ಕೊಂಡಿದ್ದೆ."

ಸಭೆಯಲ್ಲಿದ್ದ ಯಾರಿಗೂ ಯಾವತ್ತೂ ಏನೂ ಕೇಳಿಸಿರಲಿಲ್ಲ. ಈಗ ಹಾಗೆನ್ನುವಂತೆಯೂ ಇರಲಿಲ್ಲ.

"ಯಾಕ್ರೀ ಊದ್ತೀರಾ?" ನಿಕಾನೋರ್ ಕೇಳಿದರು.

"ಈಸ್ಟರ್ ಮುಂಚಿನ ಪವಿತ್ರ ವಾರದ ಮೆರವಣಿಗೆಗೆ. ಈ ವರ್ಷ ಬ್ಯಾಂಡಿಗೆ ಸೇರಿಸ್ಕೊಂಡಿದಾರೆ."

ನಿಕಾನೋರ್ ಟೋಪಿ ತೆಗೆದರು. "ಮೇರಿ ಮಾತೆ ಮೂರ್ತಿ ಹಿಂದೆ ಊದೋ ತುತ್ತೂರಿನಾ?"

"ದೇವ್ರ ತುತ್ತೂರಿಗೆ ಒದ್ದೆ ಟವಲ್ಲಾ! ನೆಗಡಿ ಆಗಲ್ವೇನ್ರೀ ನಿಮ್ಗೆ?" ಬೆನಿಗ್ನಾ ಎದೆ ಬಡಿದುಕೊಂಡಳು. ಮರುಕ್ಷಣ ಜುರಾಬ್‌ನತ್ತ ತಿರುಗಿ, "ಅದನ್ನ ನರಕ ಅಂತ ಬರೆದೋನು ನೀನೇ ಅಲ್ವಾ?" ಎಂದಳು.

ಇನ್ನು ಮುಂದೆ ಟವಲ್ ಬೇಡ, ಬೀರು ಬೇಡ, ಕಿಟಕಿ ತೆಗೆದೇ ಊದಬೇಕು, ಇವತ್ತಿನಿಂದಲೇ ಎಂದು ಸರ್ವಾನುಮತದ ತೀರ್ಮಾನವಾಯಿತು. ಜುರಾಬ್ ಕೈಯೆತ್ತಲಿಲ್ಲ. ಬಾಡಿಗೆಯವನಿಗೆ ಅಲ್ಲಿ ಮತವೇ ಇರಲಿಲ್ಲ.

ಮಾಕ್ಸಿಮೊ ಓಡಿ ಬಂದು ಅವನನ್ನು ಅಪ್ಪಿಕೊಂಡರು. "ನಿನ್ನಿಂದಾನೇ ನಂಗೆ ಬಿಡುಗಡೆ ಮಗನೇ. ನಾಳೆ ನಿನ್ ಪರೀಕ್ಷೆಯಂತೆ. ಇವತ್ತು ಊದೋದೆಲ್ಲ ನಿನ್ ಹೆಸ್ರಲ್ಲೇ ಹರಕೆ."

ನೆತ್ತಿಯ ಮೇಲೆ ತುತ್ತೂರಿ ಶುರುವಾಯಿತು. ಒಂದೇ ರಾಗ, ಪ್ರತಿ ಸಲ ಒಂದೇ ಕಡೆ ತಪ್ಪುತ್ತಿತ್ತು. ಕಸಿಲ್ದಾ ಕಿಟಕಿಯ ಬಳಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಜುರಾಬ್ ಹೊಸ ಹಾಳೆ ತೆಗೆದ. ಈಗ ತುತ್ತೂರಿಯೂ ನಿಜ, ನರಕವೂ ನಿಜ. ಮೈಯೆಲ್ಲ ಉರಿಯುತ್ತಿತ್ತು. ಪೆನ್ನು ನಿಲ್ಲದೆ ಓಡಿತು, ಹಾಳೆ ತುಂಬಿತು. ಎತ್ತಿ ಹಿಡಿದು ನೋಡಿದ. ಬರೆದದ್ದೆಲ್ಲ ಜಾರ್ಜಿಯನ್ ಭಾಷೆಯಲ್ಲಿತ್ತು.